ಅಲ್ಪ ಬಂಡವಾಳದ ಆಟದ ಕಂಪ್ಯೂಟರು: ಪ್ರೊಸೆಸರು ಮತ್ತು ಮದರ್‌ಬೋರ್ಡಿನ ಆಯ್ಕೆ

ಕಲಾ ವಿಭಾಗದ ವಿದ್ಯಾರ್ಥಿಯೊಬ್ಬನು ಕಂಪ್ಯೂಟರಿನ ಒಡಲನ್ನು ಕುರಿತು, ಅದರಲ್ಲಿಯೂ ಆಟವಾಡುವ ಕಂಪ್ಯೂಟರನ್ನು ಕುರಿತು ಬರೆಯಹೊರಟರೆ ಗುರುಗಳು ಹುಬ್ಬೇರಿಸುವುದು ಸಹಜವೇ. ಆದರೆ ಮಿತವಾದ ಸಾಧನಗಳಿಂದ ಮಿತಿಯಿಲ್ಲದ ಬಯಕೆಗಳನ್ನು ಹೇಗೆ ಈಡೇರಿಸಿಕೊಳ್ಳಬೇಕೆಂಬುದು ಅರ್ಥಶಾಸ್ತ್ರದ ಮೊದಲ ಪಾಠವಲ್ಲವೆ? ನಲವತ್ತು ಸಾವಿರ ರೂಪಾಯಿ ಹಿಡಿದುಕೊಂಡು ಕಂಪ್ಯೂಟರಿನಂಗಡಿಯ ಮುಂದೆ ನಿಂತ ಹುಡುಗನು ಆ ಪಾಠಕ್ಕೆ ಒಳ್ಳೆಯ ಉದಾಹರಣೆ. ಆದ್ದರಿಂದ ಈ ಲೇಖನವನ್ನು ಅರ್ಥಶಾಸ್ತ್ರದ ಲೇಖನವೆಂದೇ ಭಾವಿಸಿ ಓದಬೇಕಾಗಿ ವಿನಂತಿ.

ಆ ಹುಡುಗನು ನನ್ನ ಚಿಕ್ಕಪ್ಪನ ಮಗ, ಊರು ಆಗುಂಬೆ. ಮನೆಯ ಆದಾಯ ಅಡಕೆಯದು, ಅದೂ ವರ್ಷಕ್ಕೊಮ್ಮೆ ಬರುವಂಥದು. ಎಲೆಚುಕ್ಕೆ ರೋಗ ಕಾಲಿಟ್ಟ ಮೇಲೆ ಆ ಆದಾಯವನ್ನೂ ನೆಚ್ಚುವಂತಿಲ್ಲ. ಚಿಕ್ಕಪ್ಪ ಹಣ ಕೊಡುವಾಗ ನನ್ನೆದುರಿಗೇ ಮಗನಿಗೆ ಹೇಳಿದರು: “ಕೊಡ್ಸದು ಒಂದೇ ಸಲ ಮಾರಾಯ. ಮತ್ತೆ ಐದು ವರ್ಷ ಆ ಸುದ್ದಿ ಎತ್ತಬಾರ್ದು.” ಆಯ್ಕೆಯ ಹೊಣೆ ನನ್ನ ತಲೆಗೆ ಬಿತ್ತು. ಇವತ್ತು ಯಾವುದು ವೇಗವಾಗಿದೆ ಎಂಬುದಕ್ಕಿಂತ ಐದು ವರ್ಷ ಯಾವುದು ಬಾಳುತ್ತದೆ, ಮುಂದೆ ಯಾವುದನ್ನು ತುಸುತುಸುವಾಗಿ ಬೆಳೆಸಬಹುದು ಎಂಬುದೇ ನಮಗೆ ಮುಖ್ಯವಾಯಿತು. ನಾನು ಕಂಡುಕೊಂಡ ತತ್ತ್ವ ಇಷ್ಟೆ: ಪ್ರೊಸೆಸರನ್ನು ಇಂದಿನ ಅಗತ್ಯಕ್ಕಾಗಿ ಆರಿಸಬೇಕು, ಮದರ್‌ಬೋರ್ಡನ್ನು ನಾಳೆಯ ಅಗತ್ಯಕ್ಕಾಗಿ ಆರಿಸಬೇಕು, ಎರಡನ್ನೂ ಜೋಡಿಯಾಗಿಯೇ ಆರಿಸಬೇಕು.

ಮೊದಲು ಇವುಗಳ ಕೆಲಸವೇನೆಂಬುದನ್ನು ನೋಡೋಣ. ನಮ್ಮ ಕಡೆಯ ಓದುಗರಿಗೆ ಯಕ್ಷಗಾನದ ಹೋಲಿಕೆ ಸುಲಭವಾದೀತು. ಪ್ರೊಸೆಸರು ಭಾಗವತನಿದ್ದಂತೆ, ಮುಂದೇನು ನಡೆಯಬೇಕೆಂದು ಅದು ನಿರ್ಧರಿಸುತ್ತದೆ. ಗ್ರಾಫಿಕ್ಸ್ ಭಾಗವು ವೇಷಧಾರಿ. ಕಣ್ಣಿಗೆ ಕಾಣುವ ಕುಣಿತವೆಲ್ಲ ಅದರದು. ಮದರ್‌ಬೋರ್ಡು ರಂಗಸ್ಥಳ. ಪರದೆಯ ಮೇಲೆ ಸೆಕೆಂಡಿಗೆ 60 ಚಿತ್ರಗಳು ಮೂಡಬೇಕಾದರೆ ಒಂದೊಂದು ಚಿತ್ರಕ್ಕೆ ದೊರೆಯುವ ಕಾಲ ಕೇವಲ 16.7 ಮಿಲಿಸೆಕೆಂಡು. ಅಷ್ಟರಲ್ಲಿ ಎದುರಾಳಿ ಎಲ್ಲಿದ್ದಾನೆ, ಗುಂಡು ಎಲ್ಲಿ ತಗುಲಿತು ಎಂಬ ಲೆಕ್ಕವನ್ನು ಪ್ರೊಸೆಸರು ಮುಗಿಸಬೇಕು. ಆ ದೃಶ್ಯವನ್ನು ಗ್ರಾಫಿಕ್ಸ್ ಭಾಗ ಬರೆಯಬೇಕು. ಇಬ್ಬರಲ್ಲಿ ಯಾರು ತಡಮಾಡಿದರೂ ಆಟ ತಡವರಿಸುತ್ತದೆ. ಆದ್ದರಿಂದ ಎಲ್ಲ ಹಣವನ್ನೂ ಪ್ರೊಸೆಸರಿಗೇ ಸುರಿಯುವುದು ಜಾಣತನವಲ್ಲ.

ಎರಡನೆಯದಾಗಿ, ಹೆಸರಿನ ಮೋಸಕ್ಕೆ ಒಳಗಾಗಬಾರದು. ಒಂದು ಅಂಗಡಿಯಲ್ಲಿ ನಮ್ಮ ಹಣದ ಅರ್ಧಕ್ಕೇ ‘ಐ7’ ಯಂತ್ರ ಕೊಡುತ್ತೇವೆಂದರು. ಹುಡುಗನ ಮುಖ ಅರಳಿತು. ಪೂರ್ಣ ಹೆಸರನ್ನು ವಿಚಾರಿಸಿದಾಗ ಅದು ಐ7-2600 ಎಂದು ತಿಳಿಯಿತು, 2011ರಲ್ಲಿ ಹೊರಬಂದದ್ದು. ಬೋರ್ಡು ಮಾತ್ರ ಹೊಳೆಯುವ ಹೊಸದು. ಅದರಲ್ಲಿ 4 ಕೋರುಗಳೂ 8 ಥ್ರೆಡ್ಡುಗಳೂ ಇರುವುದು ನಿಜ. 2022ರ ಐ3-12100ರಲ್ಲಿಯೂ ಲೆಕ್ಕಕ್ಕೆ ಅಷ್ಟೇ ಇವೆ. ಆದರೆ ವೇಗದಲ್ಲಿ ಹಳೆಯ ಐ7 ಈ ಹೊಸ ಐ3ರ ಹತ್ತಿರ ಸುಳಿಯಲಾರದು. ಇಷ್ಟೇ ಅಲ್ಲ, ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಅಧಿಕೃತವಾಗಿ ಅಂಥ ಹಳೆಯ ಪ್ರೊಸೆಸರನ್ನು ಒಪ್ಪುವುದಿಲ್ಲ. ಅದನ್ನು ಹೇಗಾದರೂ ತುರುಕಿದರೂ, ವ್ಯಾಲರಂಟ್ ಆಟವು ವಿಂಡೋಸ್ 11ರಲ್ಲಿ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎಂಬ ರಕ್ಷಣಾ ಏರ್ಪಾಡುಗಳನ್ನು ಕೇಳುತ್ತದೆ. ಹುಡುಗನಿಗೆ ಬೇಕಾಗಿದ್ದುದೇ ಆ ಆಟ! ‘ಐ’ ಅಕ್ಷರದ ಮುಂದಿನ ಅಂಕಿಯೊಂದನ್ನೇ ನೋಡದೆ, ಅಡ್ಡಗೆರೆಯ ಆಚೆಗಿನ ಅಂಕಿಗಳನ್ನೂ ಓದಬೇಕೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಕೊನೆಯ ಅಕ್ಷರವನ್ನೂ ಓದಬೇಕು. ಇಂಟೆಲ್ ಪ್ರೊಸೆಸರಿನ ಹೆಸರಿನ ಕೊನೆಗೆ ‘ಎಫ್’ ಇದ್ದರೆ ಅದರೊಳಗೆ ಗ್ರಾಫಿಕ್ಸ್ ಇಲ್ಲ. ಬೇರೆ ಗ್ರಾಫಿಕ್ಸ್ ಕಾರ್ಡು ಕೊಳ್ಳದಿದ್ದರೆ ಪರದೆ ಕಪ್ಪಾಗಿಯೇ ಉಳಿಯುತ್ತದೆ. ಎಎಂಡಿಯ ರೈಜನ್ 5000 ಮಾಲೆಯಲ್ಲಿ ‘ಜಿ’ ಇದ್ದರೆ ಗ್ರಾಫಿಕ್ಸ್ ಒಳಗೇ ಇದೆಯೆಂದರ್ಥ. ಕಾರ್ಡಿಗೆ ಈಗ ಹಣವಿಲ್ಲದವರು ‘ಜಿ’ಯನ್ನು ಹಿಡಿಯಬೇಕು. ಇಂಥ ಪ್ರೊಸೆಸರು ಚಿತ್ರಗಳಿಗಾಗಿ ಮುಖ್ಯ ಮೆಮೊರಿಯನ್ನೇ ಎರವಲು ಪಡೆಯುವುದರಿಂದ 16 ಜಿಬಿಯ ಒಂದೇ ಪಟ್ಟಿಗಿಂತ 8 ಜಿಬಿಯ ಎರಡು ಪಟ್ಟಿಗಳನ್ನು ಹಾಕುವುದು ಮೇಲು. ಆಗ ದಾರಿ ಎರಡಾಗಿ, ದತ್ತಾಂಶ ಬೇಗ ಹರಿಯುತ್ತದೆ.

ಇನ್ನು ಸಾಕೆಟ್ಟಿನ ವಿಚಾರ. ಪ್ರೊಸೆಸರು ಕುಳಿತುಕೊಳ್ಳುವ ಪೀಠವೇ ಸಾಕೆಟ್ಟು. ಪೀಠ ಬೇರೆಯಾದರೆ ಪ್ರೊಸೆಸರು ಕೂರಲಾರದು. ಮಿತವ್ಯಯಿಗೆ ಮೂರು ಪೀಠಗಳು ಕಾಣಿಸುತ್ತವೆ. ಎಎಂಡಿಯ ಎಎಂ4ರಲ್ಲಿ ಮೊದಲ ರೈಜನ್ 2017ರಲ್ಲಿ ಬಂತು. ಅದಕ್ಕೆ ಡಿಡಿಆರ್4 ಮೆಮೊರಿ. ಇಂಟೆಲಿನ ಎಲ್‌ಜಿಎ 1700 ಬಂದದ್ದು 2021ರಲ್ಲಿ. ಬೋರ್ಡಿಗೆ ತಕ್ಕಂತೆ ಡಿಡಿಆರ್4 ಇಲ್ಲವೆ ಡಿಡಿಆರ್5. ಆದರೆ 2024ರಲ್ಲಿ ಇಂಟೆಲ್ ತನ್ನ ಹೊಸ ಮಾಲೆಗೆ ಎಲ್‌ಜಿಎ 1851 ಎಂಬ ಬೇರೆ ಪೀಠ ಮಾಡಿತು. ಮೂರನೆಯದು 2022ರಲ್ಲಿ ಬಂದ ಎಎಂ5; ಇದಕ್ಕೆ ಡಿಡಿಆರ್5 ಮಾತ್ರ. ಇದನ್ನು 2027ರವರೆಗೂ ಅದರಾಚೆಗೂ ಬೆಂಬಲಿಸುವುದಾಗಿ ಎಎಂಡಿ ಹೇಳಿದೆ. ಭವಿಷ್ಯವೊಂದನ್ನೇ ನೋಡಿದರೆ ಎಎಂ5 ಮೇಲು. ಆದರೆ 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿಯ ಬೆಲೆ ವಿಪರೀತ ಏರಿದ್ದರಿಂದ ಈ ಲೆಕ್ಕ ಅಷ್ಟು ಸರಳವಾಗಿ ಉಳಿಯಲಿಲ್ಲ.

ಬೋರ್ಡಿನಲ್ಲಿ ನೋಡಬೇಕಾದುದೇನು? ಬಣ್ಣದ ದೀಪಗಳಂತೂ ಅಲ್ಲ. 65 ವಾಟಿನ ಉಪಕರಣವೊಂದು ಮನೆಯ 230 ವೋಲ್ಟಿನ ತಂತಿಯಿಂದ 0.3 ಆಂಪಿಯರನ್ನೂ ಎಳೆಯುವುದಿಲ್ಲ. ಪ್ರೊಸೆಸರಿಗೆ ಬೇಕಾಗುವುದು ಸುಮಾರು 1.2 ವೋಲ್ಟು, ಅಷ್ಟು ಕಡಮೆ ವೋಲ್ಟಿನಲ್ಲಿ ಅದೇ 65 ವಾಟನ್ನು ಕೊಡಬೇಕಾದರೆ 50 ಆಂಪಿಯರಿಗೂ ಮಿಕ್ಕ ಪ್ರವಾಹ ಹರಿಯಬೇಕು. 12 ವೋಲ್ಟನ್ನು ಹೀಗೆ ಇಳಿಸಿಕೊಡುವ ಬಿಡಿಭಾಗಗಳು ಪ್ರೊಸೆಸರಿನ ಪಕ್ಕದಲ್ಲೇ ಇರುತ್ತವೆ. ಅವುಗಳ ಮೇಲೆ ಶಾಖ ಚೆಲ್ಲುವ ಲೋಹದ ಹೊದಿಕೆಯಿದ್ದರೆ ಒಳ್ಳೆಯದು. ಮೆಮೊರಿಗೆ ಎರಡರ ಬದಲು ನಾಲ್ಕು ಸೀಳುಗಳಿದ್ದರೆ ಇರುವ ಪಟ್ಟಿಗಳನ್ನು ತೆಗೆಯದೆಯೇ ಮುಂದೆ ಹೆಚ್ಚಿಸಬಹುದು. ಇನ್ನೊಂದು ಸೂಕ್ಷ್ಮವುಂಟು. ಬೋರ್ಡಿನ ಬಯಾಸ್ ಹಳೆಯದಾದರೆ ಹೊಸ ಪ್ರೊಸೆಸರು ಅದಕ್ಕೆ ಗುರುತು ಸಿಗದು. ಪೀಠ ಒಂದೇ ಆದರೂ ಯಂತ್ರ ಏಳುವುದಿಲ್ಲ. ಪ್ರೊಸೆಸರಿನ ನೆರವಿಲ್ಲದೆ ಪೆನ್‌ಡ್ರೈವಿನಿಂದಲೇ ಬಯಾಸನ್ನು ಹೊಸದು ಮಾಡುವ ಗುಂಡಿ ಕೆಲವು ಬೋರ್ಡುಗಳಲ್ಲಿರುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿರುವವನಿಗೆ ಇದು ಬೇಕಾಗದಿರಬಹುದು. ಶಿವಮೊಗ್ಗಕ್ಕೆ ಹೋಗಬೇಕೆಂದರೂ ಸುಮಾರು 90 ಕಿಲೋಮೀಟರು ಬಸ್ಸಿನಲ್ಲಿ ಕೂರಬೇಕಾದ ನಮ್ಮಂಥವರಿಗೆ ಅದು ದೊಡ್ಡ ಉಪಕಾರ.

ಊರಿನ ಗುಣವೂ ಆಯ್ಕೆಯಲ್ಲಿ ಸೇರಬೇಕು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಮರ ಬಿದ್ದು ತಂತಿ ಕಡಿಯುವುದು ಅಲ್ಲಿ ನಿತ್ಯದ ಮಾತು. ಗ್ರಾಫಿಕ್ಸನ್ನೂ ಒಳಗೊಂಡ 65 ವಾಟಿನ ಪ್ರೊಸೆಸರಾದರೆ 600 ವಿಎ ಶಕ್ತಿಯ ಸಣ್ಣ ಯುಪಿಎಸ್ ಇಡೀ ಯಂತ್ರವನ್ನು ಹೊತ್ತು, ಕೆಲಸ ಉಳಿಸಿ ಮುಚ್ಚುವಷ್ಟು ಕಾಲ ಕೊಡುತ್ತದೆ. ಸಿಡಿಲು ಬಡಿದಾಗ ಇಂಟರ್ನೆಟ್ಟಿನ ತಾಮ್ರದ ತಂತಿಯ ಮೂಲಕವೂ ಬೋರ್ಡು ಸುಡಬಹುದು. ಗುಡುಗು ಕೇಳಿದೊಡನೆ ಪ್ಲಗ್ಗಿನ ಜೊತೆಗೆ ಆ ತಂತಿಯನ್ನೂ ಕೀಳಬೇಕು. ಮನೆಯ ಅರ್ಥಿಂಗು ಸರಿಯಾಗಿರಬೇಕು. ಪೆಟ್ಟಿಗೆಯ ಹಿಂಬದಿಯ ತಗಡುಗಳನ್ನು ತೆರೆದಿಟ್ಟರೆ ಹಲ್ಲಿ ಇರುವೆಗಳು ಒಳಸೇರುತ್ತವೆ. ಮಳೆಗಾಲದಲ್ಲಿ ದಿನಕ್ಕೊಂದು ಗಂಟೆಯಾದರೂ ಯಂತ್ರ ನಡೆಯುತ್ತಿದ್ದರೆ ಒಳಗಿನ ಬಿಸಿಗೆ ತೇವ ನಿಲ್ಲುವುದಿಲ್ಲ. ಅಡುಗೆಮನೆಯ ಒಲೆಯ ಮೇಲಿನ ಅಟ್ಟದಲ್ಲಿ ಸಾಮಾನು ಬೆಚ್ಚಗಿರುವುದೂ ಇದೇ ನ್ಯಾಯದಿಂದ. ನನ್ನ ಸಲಹೆ ಕೇಳಿ ಚಿಕ್ಕಮ್ಮ, “ಹಂಗಾದ್ರೆ ದಿನಾ ಆಡಕ್ಕೆ ಇವನಿಗೊಂದು ನೆಪ ಸಿಕ್ಕಿತು” ಎಂದರು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ಕಡೆಗೆ ನಾವು ಆರಿಸಿದ್ದು ರೈಜನ್ 5 5600ಜಿ ಪ್ರೊಸೆಸರು (6 ಕೋರು, 12 ಥ್ರೆಡ್ಡು, 65 ವಾಟು), ಮತ್ತು ನಾಲ್ಕು ಮೆಮೊರಿ ಸೀಳುಗಳುಳ್ಳ ಬಿ550 ಬೋರ್ಡು. ಕಾರಣ ಹೇಳುತ್ತೇನೆ. ಹುಡುಗನ ಅಕ್ಕ ಬೆಂಗಳೂರಿನಲ್ಲಿ ತನ್ನ ಹಳೆಯ ಮೇಜಿನ ಕಂಪ್ಯೂಟರನ್ನು ಬದಲಿಸಿದಾಗ 8 ಜಿಬಿಯ ಎರಡು ಡಿಡಿಆರ್4 ಪಟ್ಟಿಗಳು ಉಳಿದಿದ್ದವು. ಎಎಂ5 ಹಿಡಿದಿದ್ದರೆ ಅವು ವ್ಯರ್ಥ; ಏರಿದ ಬೆಲೆಗೆ ಹೊಸ ಮೆಮೊರಿ ಕೊಳ್ಳಬೇಕಾಗುತ್ತಿತ್ತು. ಹಾಗೆ ಉಳಿದ ಹಣ ಯುಪಿಎಸ್ಸಿಗೂ ಒಳ್ಳೆಯ ಪವರ್ ಸಪ್ಲೈಗೂ ಒದಗಿತು. ಎಎಂ4 ದಾರಿ ಕೊನೆಗೊಳ್ಳುತ್ತ ಬಂದಿದೆಯೆಂಬುದನ್ನು ಮರೆಮಾಚಬೇಕಾಗಿಲ್ಲ. ಆದರೆ ಆ ದಾರಿಯಲ್ಲಿ ಇನ್ನೂ ಮೆಟ್ಟಿಲುಗಳಿವೆ: ಮುಂದಿನ ಅಡಕೆ ಫಸಲಿಗೆ ಒಂದು ಗ್ರಾಫಿಕ್ಸ್ ಕಾರ್ಡು, ಅದು ಬಂದ ಮೇಲೆ, ಬೇಕೆನಿಸಿದರೆ, 8 ಕೋರುಗಳ ರೈಜನ್ 7 5700ಎಕ್ಸ್. ಈ ಕ್ರಮ ತಪ್ಪಬಾರದು, ಏಕೆಂದರೆ 5700ಎಕ್ಸ್‌ನಲ್ಲಿ ಗ್ರಾಫಿಕ್ಸ್ ಇಲ್ಲ. ಸದ್ಯಕ್ಕೆ ವ್ಯಾಲರಂಟಿನಂಥ ಹಗುರವಾದ ಆಟಗಳು ಸಲೀಸಾಗಿ ನಡೆಯುತ್ತವೆ. ಸೈಬರ್‌ಪಂಕ್ 2077ರಂಥ ಭಾರಿ ಆಟಗಳು ಕಾರ್ಡಿಗಾಗಿ ಕಾಯಬೇಕು. ಮನೆಯಲ್ಲಿ ಹಳೆಯ ಮೆಮೊರಿ ಇಲ್ಲದವರು, ಎಲ್ಲವನ್ನೂ ಹೊಸದಾಗಿ ಕೊಳ್ಳುವವರು, ಅಂದಿನ ಬೆಲೆ ವಿಚಾರಿಸಿ ಎಎಂ5ನ್ನೇ ಹಿಡಿಯುವುದು ಸರಿಯಾದೀತು.

ಗೆಳೆಯರೇ, ಈ ಪ್ರೊಸೆಸರುಗಳನ್ನು ಮಾಡುವ ಎಎಂಡಿ 2023ರಲ್ಲಿ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು ತೆರೆದದ್ದು ನಮ್ಮ ಬೆಂಗಳೂರಿನಲ್ಲಿಯೇ. ವಿನ್ಯಾಸದ ವಿದ್ಯೆ ಅಷ್ಟು ಹತ್ತಿರವಿರುವಾಗ ಕೊಳ್ಳುವ ವಿವೇಕವಾದರೂ ನಮಗೆ ಬೇಡವೆ? ಅಂಗಡಿಗೆ ಹೋದಾಗ ನಾಲ್ಕು ಪ್ರಶ್ನೆ ಕೇಳಿ: ಪ್ರೊಸೆಸರಿನ ಪೂರ್ಣ ಹೆಸರೇನು? ಅದು ಯಾವ ವರ್ಷದ್ದು? ಈ ಬೋರ್ಡಿನ ಮೇಲೆ ಮುಂದೆ ಯಾವ ಪ್ರೊಸೆಸರು ಕೂರಬಲ್ಲುದು? ಕೆಟ್ಟರೆ ದುರಸ್ತಿ ಎಲ್ಲಿ, ಎಷ್ಟು ವರ್ಷ? ನಾಲ್ಕಕ್ಕೂ ಉತ್ತರವನ್ನು ಬಿಲ್ಲಿನ ಮೇಲೆ ಬರೆಯಿಸಿಕೊಳ್ಳಿ. ಬರೆದುಕೊಡಲು ಹಿಂಜರಿಯುವ ಅಂಗಡಿಯಾದರೆ ನಮಸ್ಕಾರ ಹೇಳಿ ಪಕ್ಕದ ಅಂಗಡಿಗೆ ನಡೆಯಿರಿ.