ಚಿಪ್ಪಿನೊಳಗೆ ಅಡಗಿ ಬಂದ ಕಾಮಾಲೆ

ಮಕ್ಕಳೇ, ಅದು 1988ರ ಜನವರಿ ತಿಂಗಳು. ಚೀನಾ ದೇಶದ ಷಾಂಘೈ ನಗರದ ಆಸ್ಪತ್ರೆಗಳಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಂದವರಿಗೆಲ್ಲ ಒಂದೇ ಬಗೆಯ ತೊಂದರೆ: ಜ್ವರ, ವಾಂತಿ, ಊಟ ಸೇರದು, ಕಣ್ಣು ಹಳದಿ. ಎರಡು ಮೂರು ತಿಂಗಳಲ್ಲಿ ಸುಮಾರು 3 ಲಕ್ಷ ಜನ ಕಾಯಿಲೆ ಬಿದ್ದರು. 30ಕ್ಕೂ ಹೆಚ್ಚು ಜನ ತೀರಿಕೊಂಡರು.

ಇದು ಕಾಮಾಲೆ. ಕಾಮಾಲೆಗೆ ಹಲವು ಕಾರಣಗಳಿವೆ. ಇಲ್ಲಿ ಕಾರಣವಾದದ್ದು ಹೆಪಟೈಟಿಸ್-ಎ ಎಂಬ ವೈರಸ್. ಇದು ನಮ್ಮ ಯಕೃತ್ತಿಗೆ, ಅಂದರೆ ಲಿವರ್‌ಗೆ ತೊಂದರೆ ಕೊಡುತ್ತದೆ. ರೋಗಿಯ ಮಲದಲ್ಲಿ ಹೊರಬಿದ್ದು, ನೀರು ಅಥವಾ ಆಹಾರದ ಮೂಲಕ ಇನ್ನೊಬ್ಬರ ಬಾಯಿ ಸೇರುತ್ತದೆ.

ಕಳ್ಳ ಸಿಕ್ಕಿದ್ದು ಹೇಗೆ?

ವೈದ್ಯರು ರೋಗಿಗಳನ್ನು "ಏನು ತಿಂದಿರಿ?" ಎಂದು ಕೇಳಿದರು. ಆರೋಗ್ಯವಾಗಿದ್ದವರನ್ನೂ ಕೇಳಿದರು. ಎರಡು ಉತ್ತರಗಳನ್ನು ಹೋಲಿಸಿದಾಗ ಸುಳಿವು ಸಿಕ್ಕಿತು. ಸಮುದ್ರದ ಒಂದು ಜಾತಿಯ ಚಿಪ್ಪುಜೀವಿಯನ್ನು ತಿಂದವರಲ್ಲೇ ರೋಗ ಬಹಳ ಹೆಚ್ಚಾಗಿತ್ತು. ಆದರೆ ಅವರು ತಿಂದದ್ದು ಸುಮಾರು ಒಂದು ತಿಂಗಳ ಹಿಂದೆ! ಈ ವೈರಸ್ ದೇಹ ಸೇರಿದ 15ರಿಂದ 50 ದಿನಗಳ ನಂತರ ರೋಗ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ತಿಂದ ಕೂಡಲೇ ರೋಗ ಗೊತ್ತಾಗುವುದಿಲ್ಲ.

ಆ ಚಿಪ್ಪುಗಳು ಬೆಳೆದ ಕರಾವಳಿಯ ನೀರಿಗೆ ಚರಂಡಿಯ ಕೊಳಕು ಸೇರಿತ್ತು. ಅಲ್ಲಿಂದ ತಂದ ಚಿಪ್ಪುಗಳಲ್ಲಿ ವೈರಸ್ ಕೂಡ ಪತ್ತೆಯಾಯಿತು.

ಚಿಪ್ಪಿನೊಳಗೆ ಹೋದದ್ದು ಹೇಗೆ?

ನಮ್ಮ ಕರಾವಳಿಯ ಮಕ್ಕಳಿಗೆ ಮರುವಾಯಿ, ಬಳಚು ಗೊತ್ತು. ಎರಡು ಚಿಪ್ಪುಗಳ ನಡುವೆ ಬದುಕುವ ಇವು ಆಹಾರ ಹುಡುಕಿಕೊಂಡು ಓಡಾಡುವುದಿಲ್ಲ. ನೀರನ್ನು ಒಳಗೆ ಎಳೆದು, ಕಿವಿರುಗಳಲ್ಲಿ ಸೋಸಿ, ಸಿಕ್ಕ ಸಣ್ಣ ಕಣಗಳನ್ನು ತಿನ್ನುತ್ತವೆ. ಹಗಲು ರಾತ್ರಿ ಹೀಗೆ ಸೋಸುವುದರಿಂದ ನೀರು ತಿಳಿಯಾಗುತ್ತದೆ. ಇದು ಅವು ಮಾಡುವ ಉಪಕಾರ. ಆದರೆ ನೀರಿನಲ್ಲಿ ಮಲದ ಕೊಳಕಿದ್ದರೆ ವೈರಸ್‌ಗಳೂ ಒಳಗೆ ಸೇರಿ ಕೂಡಿಕೊಳ್ಳುತ್ತವೆ. ಚಿಪ್ಪುಜೀವಿಗೆ ಏನೂ ಆಗುವುದಿಲ್ಲ. ತಿಂದವರಿಗೆ ರೋಗ!

ಷಾಂಘೈ ಜನರು ಈ ಚಿಪ್ಪುಗಳನ್ನು ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿ, ಬಾಯಿ ತೆರೆದ ಕೂಡಲೇ ತಿನ್ನುತ್ತಿದ್ದರು. ಚಿಪ್ಪು ಬಾಯಿ ತೆರೆದರೆ ಬೆಂದಂತಲ್ಲ. ಒಳಗಿನ ಮಾಂಸ 90 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಕನಿಷ್ಠ ಒಂದೂವರೆ ನಿಮಿಷ ಇರಬೇಕು. ಚೆನ್ನಾಗಿ ಕುದಿಸಿ ಮಾಡಿದ ಸಾರಿನಲ್ಲಿ ಈ ವೈರಸ್ ಉಳಿಯುವುದಿಲ್ಲ.

ನಿಮಗೆ ಗೊತ್ತೆ?

ಈ ವೈರಸ್‌ನ ಅಗಲ ಸುಮಾರು 27 ನ್ಯಾನೋಮೀಟರ್. ಒಂದು ಮಿಲಿಮೀಟರ್ ಎಂದರೆ 10 ಲಕ್ಷ ನ್ಯಾನೋಮೀಟರ್. ನಿಮ್ಮ ಅಳತೆಪಟ್ಟಿಯ ಎರಡು ಸಣ್ಣ ಗೆರೆಗಳ ನಡುವೆ ಸುಮಾರು 37,000 ವೈರಸ್‌ಗಳು ಸಾಲಾಗಿ ನಿಲ್ಲಬಹುದು! 1973ರಲ್ಲಿ ಅಮೆರಿಕದ ವಿಜ್ಞಾನಿಗಳು ಇದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಮೊದಲ ಬಾರಿಗೆ ಕಂಡರು.

ಮಾಡಿ ನೋಡಿ

ಒಂದು ಲೋಟ ನೀರಿಗೆ ಒಂದು ಚಮಚ ಮಣ್ಣು, ಎರಡು ಹನಿ ನೀಲಿ ಶಾಯಿ ಹಾಕಿ ಕಲಕಿ. ನಾಲ್ಕು ಮಡಿಕೆ ಬಟ್ಟೆಯಲ್ಲಿ ಸೋಸಿ. ಮಣ್ಣು ಬಟ್ಟೆಯಲ್ಲಿ ಉಳಿಯಿತೆ? ನೀಲಿ ಬಣ್ಣ ಏನಾಯಿತು? ಅತಿ ಸಣ್ಣದ್ದು ಬಟ್ಟೆಗೆ ಸಿಗುವುದಿಲ್ಲ. ವೈರಸ್ ಕೂಡ ಹಾಗೆಯೇ. ಆದ್ದರಿಂದ ಕುಡಿಯುವ ನೀರನ್ನು ಸೋಸಿದರೆ ಸಾಲದು, ಕುದಿಸಬೇಕು. (ಈ ನೀರನ್ನು ಕುಡಿಯಬೇಡಿ.)

ನಾವೇನು ಮಾಡಬೇಕು?

ಚಿಪ್ಪು ತಿನ್ನದ ಊರಿನವರಿಗೂ ಈ ಪಾಠ ಬೇಕು. ಹೆಪಟೈಟಿಸ್-ಎ ತಗುಲಿದ ಚಿಕ್ಕ ಮಕ್ಕಳಲ್ಲಿ ಅನೇಕರ ಕಣ್ಣು ಹಳದಿಯಾಗುವುದೇ ಇಲ್ಲ. ಆಡಿಕೊಂಡೇ ಇರುತ್ತಾರೆ. ಆದರೂ ಅವರ ಮಲದಲ್ಲಿ ವೈರಸ್ ಇರುತ್ತದೆ. ಹಾಗಾಗಿ "ನನಗೇನೂ ಆಗಿಲ್ಲ" ಎಂದು ಕೈ ತೊಳೆಯದೆ ಇರಬೇಡಿ.

* ಶೌಚಾಲಯವನ್ನೇ ಬಳಸಿ. ಹಳ್ಳ, ಕೆರೆಯ ದಡ ಕೊಳಕು ಮಾಡಬೇಡಿ.
* ಶೌಚದ ನಂತರ, ಊಟಕ್ಕೆ ಮೊದಲು ಸೋಪಿನಿಂದ ಕೈ ತೊಳೆಯಿರಿ.
* ಯಾರದಾದರೂ ಕಣ್ಣು ಹಳದಿಯಾದರೆ ತಡಮಾಡದೆ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಲು ಮನೆಯ ಹಿರಿಯರಿಗೆ ತಿಳಿಸಿ.

ಯೋಚಿಸಿ, ಉತ್ತರಿಸಿ

1. ವೈದ್ಯರು ಆರೋಗ್ಯವಾಗಿದ್ದವರನ್ನೂ ಏಕೆ ಪ್ರಶ್ನಿಸಿದರು?
2. ಜನವರಿ 30ರಂದು ಒಬ್ಬರಿಗೆ ರೋಗ ಕಾಣಿಸಿತು. ವೈರಸ್ ಯಾವ ದಿನಗಳ ನಡುವೆ ಅವರ ದೇಹ ಸೇರಿರಬಹುದು? ಕ್ಯಾಲೆಂಡರ್ ನೋಡಿ ಲೆಕ್ಕ ಹಾಕಿ.
3. ನಿಮ್ಮ ಊರಿನ ಚರಂಡಿ ನೀರು ಕೊನೆಗೆ ಎಲ್ಲಿ ಸೇರುತ್ತದೆ? ಶಿಕ್ಷಕರೊಂದಿಗೆ ಹೋಗಿ ನೋಡಿ, ನಕ್ಷೆ ಬರೆಯಿರಿ.