ಮಗುವಿನ ನುಡಿ, ಮಗುವಿನ ರಕ್ಷಣೆ: ಉಪ್ಪಲ್ ಪರಿಸರದ ಕನ್ನಡ ವಲಸಿಗರ ಹಿನ್ನೆಲೆಯಲ್ಲಿ

ಹೈದರಾಬಾದು ರಾಜ್ಯವು ೧೯೫೬ರಲ್ಲಿ ಭಾಷಾವಾರು ವಿಂಗಡಣೆಗೊಂಡಾಗ ಅದರ ಕನ್ನಡ ಜಿಲ್ಲೆಗಳು ಅಂದಿನ ಮೈಸೂರು ರಾಜ್ಯವನ್ನು ಸೇರಿದವು. ಆಡಳಿತದ ಗಡಿ ಬದಲಾಯಿತಾದರೂ ದುಡಿಮೆಯ ದಾರಿ ಬದಲಾಗಲಿಲ್ಲ. ಕಲಬುರಗಿ, ಯಾದಗಿರಿ, ರಾಯಚೂರು ಸೀಮೆಯ ಬಡ ಕುಟುಂಬಗಳು ಕಟ್ಟಡದ ಕೆಲಸಕ್ಕಾಗಿ ಇಂದಿಗೂ ಹೈದರಾಬಾದಿಗೆ ಗುಳೆ ಹೋಗುತ್ತವೆ. ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕೆ ಸಮೀಪದಲ್ಲಿ, ವರಂಗಲ್ಲಿಗೆ ಹೋಗುವ ರಸ್ತೆಯಲ್ಲಿರುವ ಉಪ್ಪಲ್, ನಗರವು ಪೂರ್ವಕ್ಕೆ ಬೆಳೆದಂತೆಲ್ಲ ಕಟ್ಟಡಗಳಿಂದ ತುಂಬಿಕೊಂಡ ಪ್ರದೇಶ. ಇಂತಹ ಕಡೆಗೆ ತಂದೆತಾಯಿಗಳ ಜೊತೆ ಬಂದ ಕನ್ನಡದ ಮಗುವೊಂದು ಹಿಂಸೆಗೆ ಒಳಗಾದರೆ ಅದರ ಮಾತನ್ನು ಅರಿಯುವವರು ಯಾರು ಎಂಬ ಪ್ರಶ್ನೆ ಸಮಾಜಶಾಸ್ತ್ರಕ್ಕೆ ಎಷ್ಟು ಸಂಬಂಧಿಸಿದ್ದೋ ಭಾಷಾಧ್ಯಯನಕ್ಕೂ ಅಷ್ಟೇ ಸಂಬಂಧಿಸಿದ್ದು.

ಮಕ್ಕಳ ಮೇಲಿನ ದೌರ್ಜನ್ಯ ಅಪರೂಪದ ಘಟನೆಯಲ್ಲ. ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು ೨೦೦೭ರಲ್ಲಿ ಪ್ರಕಟಿಸಿದ ಅಧ್ಯಯನವು ೧೩ ರಾಜ್ಯಗಳ ೧೨,೪೪೭ ಮಕ್ಕಳನ್ನು ಮಾತನಾಡಿಸಿತ್ತು. ಅವಿಭಜಿತ ಆಂಧ್ರಪ್ರದೇಶವೂ ಅವುಗಳಲ್ಲಿ ಒಂದು. ಶೇಕಡ ೫೩.೨೨ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯವನ್ನು ಅನುಭವಿಸಿದುದಾಗಿ ತಿಳಿಸಿದ್ದರು. ದೌರ್ಜನ್ಯ ಎಸಗಿದವರಲ್ಲಿ ಸುಮಾರು ಅರ್ಧದಷ್ಟು ಮಂದಿ ಮಗುವಿಗೆ ಪರಿಚಿತರು, ಅದರ ನಂಬಿಕೆಗೆ ಪಾತ್ರರಾದವರು. ಬಹುಪಾಲು ಮಕ್ಕಳು ಈ ಸಂಗತಿಯನ್ನು ಯಾರಿಗೂ ಹೇಳಿರಲಿಲ್ಲ ಎಂಬುದು ಅತ್ಯಂತ ಗಮನಾರ್ಹವಾದ ಅಂಶ.

ಹೇಳದ ಮಗುವಿನ ನಡವಳಿಕೆಯೇ ಮೊದಲ ಸಾಕ್ಷಿ. ಕಾರಣ ಹೇಳಲಾಗದ ಅಥವಾ ಹೇಳಿದ ಕಾರಣಕ್ಕೆ ಹೊಂದದ ಗಾಯಗಳು, ಒಬ್ಬ ನಿರ್ದಿಷ್ಟ ವ್ಯಕ್ತಿಯನ್ನು ಕಂಡರೆ ಅಂಜುವುದು, ನಿದ್ದೆಯಲ್ಲಿ ಬೆದರುವುದು, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರುಕಳಿಸುವುದು, ವಯಸ್ಸಿಗೆ ಮೀರಿದ ಲೈಂಗಿಕ ತಿಳಿವಳಿಕೆ, ಇದ್ದಕ್ಕಿದ್ದಂತೆ ಮೌನಿಯಾಗುವುದು ಇವೆಲ್ಲ ಸೂಚನೆಗಳು. ಇವುಗಳಲ್ಲಿ ಯಾವೊಂದೂ ತಾನೇ ನಿರ್ಣಾಯಕವಲ್ಲ. ಆದರೆ ಯಾವುದೂ ಉಪೇಕ್ಷಣೀಯವಲ್ಲ. ಚಿಕಿತ್ಸೆ ಕಾಣದ ರೋಗ, ನಿರಂತರ ಹಸಿವು, ಶಾಲೆಯ ದೀರ್ಘ ಗೈರುಹಾಜರಿ ನಿರ್ಲಕ್ಷ್ಯವನ್ನು ಸೂಚಿಸಬಹುದು. ಆದರೆ ಬಡತನವನ್ನೇ ನಿರ್ಲಕ್ಷ್ಯವೆಂದು ಬಗೆಯುವುದು ಅನ್ಯಾಯ. ಕೂಸನ್ನು ಮರಳಿನ ರಾಶಿಯ ಪಕ್ಕದಲ್ಲಿ ಮಲಗಿಸಿ ಇಟ್ಟಿಗೆ ಹೊರುವ ತಾಯಿಗೆ ಬೇರೆ ದಾರಿಯಿರುವುದಿಲ್ಲ. ಐವತ್ತಕ್ಕಿಂತ ಹೆಚ್ಚು ಮಹಿಳಾ ಕಾರ್ಮಿಕರಿರುವ ಕಾಮಗಾರಿಯಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಕೊಠಡಿ ಇರಬೇಕೆಂದು ೧೯೯೬ರ ಕಟ್ಟಡ ಕಾರ್ಮಿಕರ ಕಾಯಿದೆಯೇ ವಿಧಿಸಿತ್ತು. ಅಂತಹ ಕೊಠಡಿ ಇಲ್ಲದಿದ್ದರೆ ನಿರ್ಲಕ್ಷ್ಯದ ಹೊಣೆ ತಾಯಿಯದಲ್ಲ, ಕೆಲಸ ಮಾಡಿಸುವವರದು.

ಮಗು ಬಾಯಿಬಿಟ್ಟಾಗ ಭಾಷೆಯ ಸಮಸ್ಯೆ ಎದುರಾಗುತ್ತದೆ. ಕನ್ನಡ, ತೆಲುಗುಗಳು ಸೋದರ ಭಾಷೆಗಳು. ಆ ಸಾಮೀಪ್ಯವೇ ಇಲ್ಲಿ ಅಪಾಯಕಾರಿ. ಕಲಬುರಗಿಯ ಮಗು "ಕೊಟ್ಟಾನ" ಎಂದರೆ 'ಕೊಟ್ಟಿದ್ದಾನೆ' ಎಂದರ್ಥ. ತೆಲುಗಿನ "ಕೊಟ್ಟಾಡು" ಎಂದರೆ 'ಹೊಡೆದ'. ತಿಂಡಿ ಕೊಟ್ಟು ಮಗುವನ್ನು ಒಲಿಸಿಕೊಂಡವನ ಸುಳಿವು ಹೊಡೆತದ ದೂರಾಗಿ ಕೇಳಿಸಬಹುದು. "ಬಡಿ" ಎಂಬುದು ಕನ್ನಡದಲ್ಲಿ ಹೊಡೆತದ ಧಾತು, ತೆಲುಗಿನಲ್ಲಿ ಶಾಲೆ. "ಬಡೀತಾನ" ಎಂಬ ಅಳಲು ಶಾಲೆಯ ಮಾತಾಗಿ ಕಳೆದುಹೋಗಬಹುದು. ಬಂಧುವಾಚಕಗಳದು ಇನ್ನೊಂದು ತೊಡಕು. ಕಾಕಾ, ಮಾಮಾ, ಅಣ್ಣ ಎಂಬ ಪದಗಳು ಒಡಹುಟ್ಟಿದವರಿಗೂ ಬಂಧುಗಳಿಗೂ ನೆರೆಯವರಿಗೂ ಮೇಸ್ತ್ರಿಗೂ ಸಲ್ಲುತ್ತವೆ. ಯಾವ ಕಾಕಾ ಎಂದು ಕೇಳದೆ ಬರೆದುಕೊಂಡರೆ ನಿರಪರಾಧಿ ಸಿಕ್ಕಿಬೀಳಬಹುದು, ಅಪರಾಧಿ ಪಾರಾಗಬಹುದು.

ಕಾನೂನು ಈ ತೊಡಕನ್ನು ಮನಗಂಡಿದೆ. ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣಾ ಕಾಯಿದೆ, ೨೦೧೨ರ (ಪೋಕ್ಸೊ) ೧೯ನೆಯ ಕಲಮು ಅಪರಾಧದ ಅರಿವುಳ್ಳ ಪ್ರತಿಯೊಬ್ಬರೂ ಅದನ್ನು ಪೊಲೀಸರಿಗೆ ತಿಳಿಸಬೇಕೆಂದು ವಿಧಿಸುತ್ತದೆ. ದಾಖಲೆಯ ಭಾಷೆ ಮಗುವಿಗೆ ತಿಳಿಯದಿದ್ದರೆ ಭಾಷಾಂತರಕಾರರನ್ನು ಒದಗಿಸಬೇಕೆಂದೂ ಹೇಳುತ್ತದೆ. ೨೬ನೆಯ ಕಲಮಿನಂತೆ ಹೇಳಿಕೆಯನ್ನು ಮಗು ನುಡಿದಂತೆಯೇ, ಅದು ನಂಬುವವರ ಸಮ್ಮುಖದಲ್ಲಿ ಬರೆದುಕೊಳ್ಳಬೇಕು. ಭಾಷಾಂತರಕಾರರ ಪಟ್ಟಿಯನ್ನು ಇಡುವುದು ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಹೊಣೆಯೆಂದು ೨೦೨೦ರ ನಿಯಮಗಳು ತಿಳಿಸುತ್ತವೆ. ಮಗುವಿನ ಭಾಷೆಯೂ ರಾಜ್ಯದ ಆಡಳಿತ ಭಾಷೆಯೂ ಬಲ್ಲವರು, ಅದು ಮಾತೃಭಾಷೆಯಿಂದ ಬಂದುದಿರಲಿ, ವೃತ್ತಿಯಿಂದಲೋ ವಾಸದಿಂದಲೋ ಬಂದುದಿರಲಿ, ಆ ಕೆಲಸಕ್ಕೆ ಅರ್ಹರು. ಹಾಗಾದರೆ ಕನ್ನಡ ತೆಲುಗುಗಳೆರಡನ್ನೂ ಬಲ್ಲ ಹೈದರಾಬಾದಿನ ಕನ್ನಡ ವಿದ್ಯಾರ್ಥಿಯೂ ಇದಕ್ಕೆ ಹೊರತಲ್ಲ.

ಆದರೆ ಪಂಡಿತರಿಗೆ ಇಲ್ಲೊಂದು ಎಚ್ಚರಿಕೆ ಅಗತ್ಯ. ಆಡುಮಾತನ್ನು ಶಿಷ್ಟರೂಪಕ್ಕೆ ತಿದ್ದುವುದು ವಿದ್ಯಾವಂತರ ಅಭ್ಯಾಸ. ಅಂಗಾಂಗಗಳಿಗೆ ಮಗು ಬಳಸಿದ ಮನೆಮಾತನ್ನು ಸಂಸ್ಕೃತ ಪದಕ್ಕೆ ಬದಲಾಯಿಸಿದರೆ ಹೇಳಿಕೆ ಸಭ್ಯವಾಗುತ್ತದೆ, ಸಾಕ್ಷ್ಯ ಸಾಯುತ್ತದೆ. ಏನನ್ನೂ ಕೂಡಿಸದೆ, ಏನನ್ನೂ ಬಿಡದೆ ನುಡಿಯುವುದೇ ಇಲ್ಲಿಯ ಪಾಂಡಿತ್ಯ. "ಅವನು ಮುಟ್ಟಿದನೇ?" ಎಂದು ಉತ್ತರವನ್ನೇ ಒಳಗೊಂಡ ಪ್ರಶ್ನೆ ಕೇಳಬಾರದು, "ಏನಾಯಿತು, ಹೇಳು" ಎಂದು ಕೇಳಿ ಕಾಯಬೇಕು. ಯಾರಿಗೂ ಹೇಳುವುದಿಲ್ಲವೆಂದು ಮಗುವಿಗೆ ಮಾತು ಕೊಡಬಾರದು. ತಪ್ಪು ನಿನ್ನದಲ್ಲ ಎಂಬ ಭರವಸೆಯನ್ನು ಕೊಡಬೇಕು.

ತಡೆಗಟ್ಟುವ ಕಾರ್ಯವೂ ಮಾತಿನಿಂದಲೇ ಆರಂಭವಾಗುತ್ತದೆ. ಕಲಬುರಗಿ ಸೀಮೆಯ "ಒಲ್ಲೆ" ಎಂಬ ಕ್ರಿಯಾಪದ ಪುಟ್ಟದಾದರೂ ಪೂರ್ಣವಾದ ನಿರಾಕರಣೆ. ಅದನ್ನು ಹಿರಿಯರ ಮುಂದೆ ಆಡುವುದು ಅವಿಧೇಯತೆಯಲ್ಲವೆಂದು ಮಗುವಿಗೆ ಕಲಿಸಬೇಕು. ೧೦೯೮ ಎಂಬ ಮಕ್ಕಳ ಸಹಾಯವಾಣಿಯ ಸಂಖ್ಯೆಯನ್ನು ಕಾಮಗಾರಿಯ ಗೋಡೆಗಳ ಮೇಲೆ ಕನ್ನಡದಲ್ಲಿಯೂ ಬರೆಯಿಸಬೇಕು. ಗಡಿಸೀಮೆಯ ಆಡುನುಡಿಯ ಬಂಧುವಾಚಕಗಳನ್ನೂ ಅಂಗವಾಚಕಗಳನ್ನೂ ನೋವಿನ ಪದಗಳನ್ನೂ ತೆಲುಗು ಅರ್ಥಗಳೊಡನೆ ಸಂಗ್ರಹಿಸಿದ ಕಿರುಕೋಶವೊಂದು ಕನ್ನಡ ವಿಭಾಗಗಳಿಂದ ಹೊರಬಂದರೆ ಅದು ಠಾಣೆಗೂ ಆಸ್ಪತ್ರೆಗೂ ನ್ಯಾಯಾಲಯಕ್ಕೂ ಒದಗುತ್ತದೆ. ಉಪಭಾಷಾ ಸಂಶೋಧನೆಗೆ ಇದಕ್ಕಿಂತ ತುರ್ತಾದ ಪ್ರಯೋಜನ ಬೇರಿಲ್ಲ.