ತೀನ್ ಪತ್ತಿ ಬರೋರಿಗೆ ಪೋಕರ್

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಹುಡುಗರಿಗೆ ತೀನ್ ಪತ್ತಿ ಹೊಸದಾಗಿ ಹೇಳಿಕೊಡಬೇಕಿಲ್ಲ. ದೀಪಾವಳಿ ರಜೆ ಅಂದ್ರ ಎಲೆ ಅಂತಲೇ ಬೆಳೆದವರು ಇದ್ದಾರೆ. ಅವರೇ ಹಾಸ್ಟೆಲಿನಲ್ಲಿ ಪೋಕರ್‌ಗೆ ಕೂತರೆ ಮೊದಲ ಸುತ್ತಿಗೇ ಜಗಳ: ಸೀಕ್ವೆನ್ಸ್ ದೊಡ್ಡದೋ, ಕಲರ್ ದೊಡ್ಡದೋ?

ಲೆಕ್ಕ ನೋಡ್ರಿ. 52 ಎಲೆಯಲ್ಲಿ ಮೂರು ಎತ್ತಿದರೆ 22,100 ಜೋಡಣೆ. ಪ್ಯೂರ್ ಬಿಟ್ಟರೆ ಸೀಕ್ವೆನ್ಸ್ 720, ಕಲರ್ 1,096. ಅಪರೂಪದ್ದು ಗೆಲ್ಲಬೇಕು, ಅದಕ್ಕೇ ಅಲ್ಲಿ ಸೀಕ್ವೆನ್ಸ್ ಮೇಲೆ. ಪೋಕರಿನಲ್ಲಿ ಐದು ಎಲೆ: 25,98,960 ಜೋಡಣೆಯಲ್ಲಿ ಸೀಕ್ವೆನ್ಸ್ 10,200, ಕಲರ್ ಬರೇ 5,108. ಹಂಗಾಗಿ ಇಲ್ಲಿ ಕಲರ್ ಗೆಲ್ತದ; ಅದರ ಹೆಸರು ಫ್ಲಶ್, ಸೀಕ್ವೆನ್ಸಿಗೆ ಸ್ಟ್ರೇಟ್. (ತೀನ್ ಪತ್ತಿಯೂ ಪೂರಾ ಗಣಿತ ಕೇಳೋದಿಲ್ಲ. ಟ್ರಯಲ್ 52 ರೀತಿ, ಪ್ಯೂರ್ ಸೀಕ್ವೆನ್ಸ್ 48. ಆದರೂ ಟ್ರಯಲ್ಲೇ ರಾಜ.)

ಟೆಕ್ಸಾಸ್ ಹೋಲ್ಡೆಮ್ ಅನ್ನೋ ಪೋಕರಿನಲ್ಲಿ ಪ್ರತಿಯೊಬ್ಬನಿಗೆ ಎರಡು ಗುಟ್ಟಿನ ಎಲೆ. ನಡುವೆ ಮೊದಲು ಮೂರು, ಆಮೇಲೆ ಒಂದು, ಮತ್ತೊಂದು ತೆರೀತಾರೆ. ಒಟ್ಟು ನಾಲ್ಕು ಸಲ ಬಾಜಿ. ಏಳರಲ್ಲಿ ಒಳ್ಳೆಯ ಐದು ನಿಮ್ಮ ಕೈ. ಇಲ್ಲಿ 'ಬ್ಲೈಂಡ್' ಅಂದ್ರ ಎಲೆ ನೋಡದೆ ಆಡೋದಲ್ಲ. ಡೀಲರಿನ ಎಡಕ್ಕಿರೋ ಇಬ್ಬರು ಮೊದಲೇ ಹಾಕಲೇಬೇಕಾದ ಬಾಜಿ.

ಬಾಜಿಗೆ ಹುಣಸೆಬೀಜ ಸಾಕು. ಆ್ಯಪಿನ ಮಾತು ಬಿಡ್ರಿ: 2025ರ ಆಗಸ್ಟಿನಲ್ಲಿ ಸಂಸತ್ತು ತಂದ ಆನ್‌ಲೈನ್ ಗೇಮಿಂಗ್ ಕಾಯ್ದೆ, ಕೌಶಲದ ಆಟವೋ ಅದೃಷ್ಟದ್ದೋ ಅಂತ ನೋಡದೆ, ದುಡ್ಡು ಕಟ್ಟುವ ಆನ್‌ಲೈನ್ ಆಟವನ್ನೇ ನಿಷೇಧಿಸಿದೆ.

ಈಗ ನಿಜವಾದ ಪಾಠ. ಕೈಯಲ್ಲಿ ಎರಡು ಬದಾಮ, ನಡುವೆ ತೆರೆದ ನಾಲ್ಕರಲ್ಲಿ ಎರಡು ಬದಾಮ. ಇನ್ನೊಂದು ಬಂದರೆ ಫ್ಲಶ್. ಎದುರಾಳಿ 20 ಬೀಜ ಹಾಕಿದ, ಪಾಟ್ 60 ಆಯ್ತು. ನೀವೂ 20 ಹಾಕ್ತೀರಾ? ತೀನ್ ಪತ್ತಿ ರಕ್ತದವರು 'ಚಾಲ್' ಅಂದುಬಿಡ್ತಾರೆ. ತಡೀರಿ. ನೋಡದ ಎಲೆ 46, ಅದರಲ್ಲಿ ಬದಾಮ 9. ಅಂದ್ರ ಹತ್ತಿರ ಶೇ. 20. ನೀವು ಕೊಡೋದು ಒಟ್ಟು 80ರಲ್ಲಿ 20, ಅಂದ್ರ ಶೇ. 25. ಬರೋ ಅವಕಾಶಕ್ಕಿಂತ ಬೆಲೆ ಜಾಸ್ತಿ. ಇಂಥ ಪ್ರತಿ ಕಾಲ್‌ಗೆ ಸರಾಸರಿ ನಾಲ್ಕು ಬೀಜದ ಮೇಲೆ ಲಾಸ್. ಒಂದು ಸಲ ಗೆದ್ದಿದ್ದು ನೆನಪಿರ್ತದ, ಈ ನಾಲ್ಕು ನೆನಪಿರೋದಿಲ್ಲ. ಫೋಲ್ಡ್ ಮಾಡ್ರಿ.

ಅದೇ ಪಾಟ್ 120 ಇದ್ದು, ಹಾಕಬೇಕಾದದ್ದು 20 ಇದ್ದರೆ? 140ರಲ್ಲಿ 20, ಶೇ. 14ರ ಆಸುಪಾಸು. ಆಗ ಧೈರ್ಯವಾಗಿ ಹಾಕ್ರಿ, ಬದಾಮ ಬರದಿದ್ದರೂ ಆಟ ಸರಿ ಇತ್ತು.